ಮುಧೋಳ ನಾಯಿಗೆ ಮೂರು ಪಟ್ಟಿಯ ಹಾರ್ನೆಸ್

ಮುಧೋಳ ನಾಯಿಯ ತಲೆ ಅದರ ಕುತ್ತಿಗೆಗಿಂತ ಹೆಚ್ಚು ದಪ್ಪವಿರುವುದಿಲ್ಲವಾದ್ದರಿಂದ, ಅದು ಬೆದರಿ ಹಿಂದಕ್ಕೆ ಜಗ್ಗಿದರೆ ಸಾಮಾನ್ಯ ಕೊರಳಪಟ್ಟಿ ಕಿವಿಗಳ ಮೇಲಿಂದ ಜಾರಿ ನಮ್ಮ ಕೈಯಲ್ಲೇ ಉಳಿಯುತ್ತದೆ. ಮೂಡಿಗೆರೆ ಕಡೆಯ ಗುಡ್ಡವೊಂದರಲ್ಲಿ ಪೊದೆಯಿಂದ ಕಾಡುಹಂದಿ ನುಗ್ಗಿದಾಗ ನಮ್ಮ ನಾಯಿ ಹೀಗೆಯೇ ಕೈತಪ್ಪಿ ಎರಡು ಗಂಟೆ ಕಾಣೆಯಾಗಿತ್ತು. ಅದಾದ ಮೇಲೆ ಎದೆ, ಪಕ್ಕೆ, ಸೊಂಟ ಮೂರೂ ಕಡೆ ಬಿಗಿಯುವ, ಬೆನ್ನ ಮೇಲೆ ಹಿಡಿಕೆಯಿರುವ ಹಾರ್ನೆಸ್ ತರಿಸಿ, ಒಂದು ಮಳೆಗಾಲ ಮತ್ತು ಒಂದು ಚಳಿಗಾಲ ಬಳಸಿದ್ದೇನೆ.

ಕೊಟ್ಟ ಹಣವೆಲ್ಲ ಆ ಮೂರನೆಯ ಪಟ್ಟಿಗೇ ಸಲ್ಲಬೇಕು. ಸಣ್ಣ ಸೊಂಟದಲ್ಲಿ ಕುಳಿತ ಪಟ್ಟಿ, ನಾಯಿ ಎಷ್ಟೇ ಹಿಂಜಗ್ಗಿದರೂ ಅದರ ಆಳವಾದ ಎದೆಗೂಡನ್ನು ದಾಟಿ ಮುಂದೆ ಬರಲಾರದು. ಆದರೆ ಮಾರಾಟಗಾರರು ತೂಕ ನೋಡಿ ಸೂಚಿಸಿದ ಅಳತೆ ನಮಗೆ ಹೊಂದಲಿಲ್ಲ. ಮುಂಗಾಲುಗಳ ಹಿಂದೆ ಟೇಪು ಸುತ್ತಿ ಎದೆಯ ಸುತ್ತಳತೆ ತೆಗೆದೇ ಕೊಳ್ಳುವುದು ಲೇಸು. ಹಳ್ಳ ದಾಟುವಾಗ, ಜಾರುವ ಬಂಡೆ ಹತ್ತಿಸುವಾಗ ಹಿಡಿಕೆ ಬಹಳ ಉಪಯುಕ್ತ. ಆದರೂ ಅದು ಕ್ಷಣಕಾಲದ ಆಸರೆಯೇ ಹೊರತು ನಾಯಿಯನ್ನು ನೇತುಹಾಕಿ ಹೊತ್ತೊಯ್ಯುವ ಸಾಧನವಲ್ಲ.

ಮಳೆಗಾಲದಲ್ಲಿ ಇದರ ಕುಂದುಗಳು ಬಯಲಾದವು. ಒಳಗಿನ ಸ್ಪಂಜು ಒಣಗಲು ಒಂದೂವರೆ ದಿನ ಬೇಕು. ಒದ್ದೆಯಲ್ಲೇ ತೊಡಿಸಿದರೆ, ಕೂದಲು ತೆಳುವಾದ ಈ ತಳಿಯ ಕಂಕುಳಲ್ಲಿ ಚರ್ಮ ಕೆಂಪಾಗಿ ಸುಲಿಯುತ್ತದೆ. ಪಟ್ಟಿಯ ಅಡಿಯಲ್ಲಿ ಇಂಬಳಗಳು (ಜಿಗಣೆಗಳು) ಸೇರಿಕೊಳ್ಳುವುದರಿಂದ ಪ್ರತಿ ನಿಲುಗಡೆಯಲ್ಲೂ ಬಿಚ್ಚಿ ನೋಡಬೇಕು. ಅವು ಹತ್ತದಿರಲೆಂದು ನಮ್ಮ ಕಾಲಿಗೆ ಹಚ್ಚಿಕೊಳ್ಳುವ ಹೊಗೆಸೊಪ್ಪನ್ನು ನಾಯಿಗೆ ಹಚ್ಚಬಾರದು. ನೆಕ್ಕಿಕೊಂಡರೆ ಅದು ವಿಷ. ಕೆಸರು ಕೂತ ಪ್ಲಾಸ್ಟಿಕ್ ಬಕಲ್ಲಂತೂ ಎರಡು ಸಲ ಬಿಚ್ಚಲಾಗದಂತೆ ಕಚ್ಚಿಕೊಂಡಿತು.

ಚಿರತೆಯ ಮಟ್ಟಿಗೆ ಇದು ಯಾವ ರಕ್ಷಣೆಯೂ ಅಲ್ಲ. ಹಿಮಾಚಲದ ಗದ್ದಿ ಕುರಿಗಾಹಿಗಳು ನಾಯಿಯ ಕೊರಳಿಗೆ ಕಬ್ಬಿಣದ ಮುಳ್ಳುಪಟ್ಟಿ ಕಟ್ಟುವುದು ಚಿರತೆ ಕುತ್ತಿಗೆಗೇ ಬಾಯಿ ಹಾಕುತ್ತದೆಂಬ ಕಾರಣಕ್ಕೆ. ನಾವು ಮಾಡಬಹುದಾದದ್ದು ಗಿಡ್ಡ ಹಗ್ಗದಲ್ಲಿ ನಡೆಸುವುದು, ನಾಲ್ಕು ಗಂಟೆಗೇ ಇಳಿಯತೊಡಗುವುದು. ಅಭಯಾರಣ್ಯದೊಳಕ್ಕಂತೂ ಯಾವ ಹಾರ್ನೆಸ್ ಇದ್ದರೂ ಕರೆದೊಯ್ಯಕೂಡದು. 2018ರಲ್ಲಿ ಗಿರ್ ಅರಣ್ಯದ ಸಿಂಹಗಳ ಸಾವಿಗೆ ಕಾರಣವಾದ ಡಿಸ್ಟೆಂಪರ್ ವೈರಸ್ ನಾಯಿಗಳಲ್ಲೂ ಇರುವಂಥದ್ದು. ಗುಡ್ಡಕ್ಕೆ ಒಯ್ಯುವ ನಾಯಿಗೆ ರೇಬೀಸ್ ಜೊತೆ ಅದರ ಲಸಿಕೆಯೂ ಆಗಿರಬೇಕು.

ಬಿಡಿ ಬಕಲ್ ಕೊಡಲು ಮಾರಾಟಗಾರರು ಒಪ್ಪದ ಕಾರಣ, ಬ್ಯಾಗ್ ಹೊಲಿಯುವವರ ಬಳಿ ಲೋಹದ್ದನ್ನೇ ಹಾಕಿಸಿಕೊಂಡಿದ್ದೇನೆ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ, ಅದರಲ್ಲಿ ಎರಡು ಸೊಂಟದ ಪಟ್ಟಿಯವು.