ಹಿಡಿಕಂಬಿ ಕಿತ್ತು ಬಂದ ಮೇಲೆ ನಮಗೆ ಒಪ್ಪಂದ ಅರ್ಥವಾಯಿತು

ನಮ್ಮ ನಿವೃತ್ತರ ಬಡಾವಣೆಯಲ್ಲಿ ಪಕ್ಕದ ಮನೆಯ ಹಿರಿಯರೊಬ್ಬರು ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ನಾವು ಓಡಿ ಹೋದಾಗ ಗೋಡೆಯ ಹಿಡಿಕಂಬಿ ಇನ್ನೂ ಅವರ ಕೈಯಲ್ಲೇ ಇತ್ತು. ಸ್ಕ್ರೂ ಸಮೇತ ಕಿತ್ತು ಬಂದಿತ್ತು. ಅದು ಅಲುಗಾಡುತ್ತಿದೆ ಅಂತ ಅವರು ದೂರು ಕೊಟ್ಟು ಆಗಲೇ ಐದು ದಿನ ಆಗಿತ್ತು.

ಬಡಾವಣೆಯ ರಿಪೇರಿ ನೋಡಿಕೊಳ್ಳಬೇಕಿದ್ದ ಮೇಂಟೆನೆನ್ಸ್ ಗುತ್ತಿಗೆದಾರರನ್ನು ಆರಿಸಿದ ಸಮಿತಿಯಲ್ಲಿ ನಾನೂ ಇದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೂರು ಸಂಸ್ಥೆಗಳು ಬಂದಿದ್ದವು. ನಾವು ಒಪ್ಪಿಕೊಂಡವರ ದರ ಕಡಿಮೆ ಇತ್ತು, ನಿಜ. ಆದರೆ ನಮ್ಮನ್ನು ಸೆಳೆದದ್ದು ಅದೊಂದೇ ಅಲ್ಲ. ದೊಡ್ಡ ದೊಡ್ಡ ಕಚೇರಿ ಕಟ್ಟಡಗಳನ್ನು ವರ್ಷಗಟ್ಟಲೆ ನೋಡಿಕೊಂಡವರು ಅವರು. ಆ ಪಟ್ಟಿ ನೋಡಿಯೇ ನಮಗೆ ಧೈರ್ಯ ಬಂತು. ಎಡವಿದ್ದು ಅಲ್ಲೇ. ಕಚೇರಿ ಸಂಜೆಗೆ ಖಾಲಿಯಾಗುತ್ತದೆ. ಅಲ್ಲಿ ಒಂದು ನಲ್ಲಿ ಕೆಟ್ಟರೆ ಜನ ಪಕ್ಕದ ನಲ್ಲಿಗೆ ಹೋಗುತ್ತಾರೆ. ನಮ್ಮಲ್ಲಿ ಜನ ರಾತ್ರಿ ಎರಡು ಗಂಟೆಗೆ ಎದ್ದು, ಅರೆನಿದ್ದೆಯಲ್ಲಿ, ಗೋಡೆ ತಡವುತ್ತಾ ಬಚ್ಚಲಿಗೆ ಹೋಗುತ್ತಾರೆ. ವಾಕರ್ ಹಿಡಿದು ನಡೆಯುವವರಿಗೆ ಲಿಫ್ಟ್ ನಿಂತರೆ ಮೆಟ್ಟಿಲು ಒಂದು ದಾರಿಯೇ ಅಲ್ಲ.

ಒಪ್ಪಂದದಲ್ಲಿ ಕೆಲಸಗಳನ್ನು ತುರ್ತು, ಸಾಮಾನ್ಯ ಅಂತ ಎರಡು ಪಾಲು ಮಾಡಿದ್ದರು. ತುರ್ತು ಅಂದರೆ ಮನೆಗೆ ನೀರು ನುಗ್ಗುವುದು, ಕರೆಂಟ್ ಪೂರ್ತಿ ಹೋಗುವುದು, ಲಿಫ್ಟ್‌ನಲ್ಲಿ ಯಾರಾದರೂ ಸಿಕ್ಕಿಕೊಳ್ಳುವುದು. ಉಳಿದದ್ದೆಲ್ಲ ಸಾಮಾನ್ಯ. ಅದಕ್ಕೆ ಏಳು ಕೆಲಸದ ದಿನಗಳ ಗಡುವು. ನಾವು ಓದಿಯೇ ಸಹಿ ಹಾಕಿದ್ದೆವು. ಸಡಿಲವಾದ ಹಿಡಿಕಂಬಿ, ಮೆಟ್ಟಿಲ ಬಳಿ ಉರಿಯದ ದೀಪ, ಬಚ್ಚಲಲ್ಲಿ ಇಳಿಯದೆ ನಿಲ್ಲುವ ನೀರು, ಎಲ್ಲವೂ ಸಾಮಾನ್ಯದ ಪಾಲಿಗೇ ಬಿದ್ದವು. ಅಂದರೆ ಐದನೇ ದಿನ ನಮ್ಮ ಪಕ್ಕದ ಮನೆಯವರು ಬಿದ್ದಾಗ ಗುತ್ತಿಗೆದಾರರು ಒಪ್ಪಂದ ಮುರಿದೇ ಇರಲಿಲ್ಲ. ನನ್ನನ್ನು ಇವತ್ತಿಗೂ ಚುಚ್ಚುವುದು ಇದು.

ಹಾಗಾಗಿ ತುರ್ತು ಯಾವುದು ಅನ್ನೋದನ್ನು ಗುತ್ತಿಗೆದಾರರಿಗೆ ಬರೆಯಲು ಬಿಡಬೇಡಿ. ಅಲ್ಲಿ ವಾಸಿಸುವವರನ್ನು ಕೂರಿಸಿಕೊಂಡು ನೀವೇ ಬರೆಯಿರಿ. ಯಾರಾದರೂ ಬೀಳಬಹುದು, ಸುಟ್ಟುಕೊಳ್ಳಬಹುದು, ಸಹಾಯಕ್ಕೆ ಕರೆಯಲಾಗದೆ ಒದ್ದಾಡಬಹುದು ಅನ್ನಿಸುವ ಎಲ್ಲವೂ ಆ ಪಟ್ಟಿಯಲ್ಲಿರಲಿ. ಇನ್ನೊಂದು ಮಾತು. 'ನಾಲ್ಕು ಗಂಟೆಯೊಳಗೆ ಪ್ರತಿಕ್ರಿಯೆ' ಅಂತ ಇದ್ದರೆ ಖುಷಿ ಪಡಬೇಡಿ. ನಮ್ಮ ವಿಷಯದಲ್ಲಿ ಪ್ರತಿಕ್ರಿಯೆ ಅಂದರೆ ಒಂದು ಫೋನ್ ಕರೆ ಅಷ್ಟೇ. ಬರುವುದಕ್ಕೆ ಎಷ್ಟು ಹೊತ್ತು, ಸರಿಮಾಡುವುದಕ್ಕೆ ಎಷ್ಟು ಹೊತ್ತು, ಎರಡನ್ನೂ ಬೇರೆ ಬೇರೆ ಬರೆಸಿ.

ಆ ಕಂಬಿಯನ್ನು ಹಾಕಿದ್ದೂ ಅವರೇ. ಟೈಲ್ಸ್‌ಗೆ ತೂತು ಕೊರೆದು, ಸಣ್ಣ ಪ್ಲಾಸ್ಟಿಕ್ ಪ್ಲಗ್ ತುರುಕಿ, ಸ್ಕ್ರೂ ಬಿಗಿದಿದ್ದರು. ಟವೆಲ್ ನೇತುಹಾಕುವ ಕಂಬಿಗೆ ಅಷ್ಟು ಸಾಕು. ಜಾರುವ ಮನುಷ್ಯನ ಇಡೀ ಭಾರ ತಡೆಯಬೇಕಾದದ್ದಕ್ಕೆ ಸಾಲದು. ಅಮೆರಿಕದ ನಿಯಮದಲ್ಲಿ ಇಂಥ ಕಂಬಿ 250 ಪೌಂಡ್, ಅಂದರೆ ಸುಮಾರು 113 ಕಿಲೋ ಬಲವನ್ನು ತಡೆಯಬೇಕು. ನಮ್ಮಲ್ಲಿ ಯಾರೂ ಒಮ್ಮೆ ಜಗ್ಗಿ ಕೂಡ ನೋಡಿರಲಿಲ್ಲ.

ಬಿಸಿನೀರಿನ ಕಥೆಯೂ ಹಾಗೇ. ಒಬ್ಬರು ನೀರು ವಿಪರೀತ ಸುಡುತ್ತಿದೆ ಅಂದರು. ಬಂದವರು ಇಡೀ ಕಟ್ಟಡದ ಟ್ಯಾಂಕಿನ ತಾಪವನ್ನು 42 ಡಿಗ್ರಿಗೆ ಇಳಿಸಿ ಹೋದರು. ದೂರು ನಿಂತಿತು. ಆದರೆ ಶ್ವಾಸಕೋಶಕ್ಕೆ ಸೋಂಕು ತರುವ ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವುದು 20ರಿಂದ 45 ಡಿಗ್ರಿಯ ನೀರಿನಲ್ಲೇ. ವಯಸ್ಸಾದವರಿಗೆ ಅದರ ಅಪಾಯ ಜಾಸ್ತಿ. ಟ್ಯಾಂಕಿನಲ್ಲಿ ನೀರು 60 ಡಿಗ್ರಿ ಇರಬೇಕು. ಆದರೆ 60 ಡಿಗ್ರಿ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ. ಅದಕ್ಕೇ ನಲ್ಲಿಯ ಹತ್ತಿರ ತಣ್ಣೀರು ಬೆರೆಸಿ ತಾಪ ಹಿಡಿದಿಡುವ ವಾಲ್ವ್ ಹಾಕಿರುತ್ತಾರೆ. ಕೆಟ್ಟಿದ್ದು ಆ ವಾಲ್ವ್. ಸಂದರ್ಶನದಲ್ಲಿ ಈ ಒಂದು ಪ್ರಶ್ನೆ ಕೇಳಿ: ನೀರು ಸುಡುತ್ತಿದೆ ಅಂದರೆ ಏನು ಮಾಡುತ್ತೀರಿ? ಉತ್ತರದಲ್ಲೇ ಅವರ ಅನುಭವ ಗೊತ್ತಾಗುತ್ತದೆ.

ಆ ಅಪಘಾತದ ನಂತರ ನಾವು ರಿಜಿಸ್ಟರ್ ತೆಗೆದು ಕೂತೆವು. ಬಚ್ಚಲಲ್ಲಿ ಎಳೆದರೆ ಕಾವಲುಗಾರರ ಕೋಣೆಯಲ್ಲಿ ಗಂಟೆ ಬಾರಿಸುವ ಹಗ್ಗವನ್ನು ತಿಂಗಳಿಗೊಮ್ಮೆ ಪರೀಕ್ಷಿಸಬೇಕಿತ್ತು. ಪ್ರತಿ ಮನೆಯ ಮುಂದೆ ಟಿಕ್ ಇತ್ತು. ಮೂರು ತಿಂಗಳು ಬೀಗ ಹಾಕಿದ್ದ ಮನೆಯ ಮುಂದೆಯೂ ಇತ್ತು! ನಾವೇ ಮನೆ ಮನೆಗೆ ಹೋಗಿ ಎಳೆದು ನೋಡಿದೆವು. ಹನ್ನೊಂದು ಮನೆಗಳಲ್ಲಿ ಗಂಟೆ ಬಾರಿಸಲೇ ಇಲ್ಲ. ಆ ದಿನ ನಮ್ಮ ಪಕ್ಕದ ಮನೆಯವರು ಬಿದ್ದಲ್ಲಿಂದಲೇ ಕೂಗಿಕೊಂಡಿದ್ದರು. ಗೋಡೆ ತೆಳುವಾಗಿದ್ದರಿಂದ ನಮಗೆ ಕೇಳಿಸಿತು. ದಯವಿಟ್ಟು ಸಹಿ ನೋಡಿ ನಂಬಬೇಡಿ. ತಿಂಗಳಿಗೆ ಎರಡು ಮನೆಯನ್ನಾದರೂ ನಿಮ್ಮ ಕಣ್ಣೆದುರು ಪರೀಕ್ಷಿಸಲಿ.

ಕೆಲಸಕ್ಕೆ ಬರುವವರು ಯಾರು ಅಂತಲೂ ಮೊದಲೇ ಕೇಳಿ. ನಮ್ಮಲ್ಲಿ ಪ್ರತಿ ಸಲ ಹೊಸ ಮುಖ. ಗುತ್ತಿಗೆದಾರರು ಅದೇ ಕೆಲಸವನ್ನು ಇನ್ನೊಬ್ಬರಿಗೆ ಒಳಗುತ್ತಿಗೆ ಕೊಟ್ಟಿದ್ದರು. ಒಂಟಿಯಾಗಿರುವ ಅಜ್ಜಿ ಬಾಗಿಲು ತೆರೆದು ಗೊತ್ತಿಲ್ಲದವರನ್ನು ಒಳಗೆ ಬಿಟ್ಟುಕೊಳ್ಳಬೇಕು ಅಂದರೆ ಹೇಗೆ ಹೇಳಿ? ಹಿನ್ನೆಲೆ ಪರಿಶೀಲನೆ, ಗುರುತಿನ ಚೀಟಿ ಬೇಕೇ ಬೇಕು. ನಮ್ಮನ್ನು ಕೇಳದೆ ಒಳಗುತ್ತಿಗೆ ಕೊಡುವಂತಿಲ್ಲ ಅನ್ನುವ ಷರತ್ತೂ ಇರಲಿ. ವಿಮೆಯ ಕಾಗದದ ಜೆರಾಕ್ಸ್ ಸಾಲದು, ಚಾಲ್ತಿಯಲ್ಲಿದೆಯಾ ಅಂತ ವಿಮಾ ಕಂಪನಿಯನ್ನೇ ಕೇಳಿ.

ಅವರು ಕೊಟ್ಟ ಗ್ರಾಹಕರ ನಂಬರುಗಳಿಗೆ ಫೋನ್ ಮಾಡಿ ನಾವು ತೃಪ್ತರಾಗಿದ್ದೆವು. ಮಾಡಬೇಕಿದ್ದದ್ದು ಬೇರೆ. ಅವರು ನೋಡಿಕೊಳ್ಳುವ ಇನ್ನೊಂದು ಹಿರಿಯರ ವಸತಿ ಇದ್ದರೆ ಹೋಗಿ, ಅಲ್ಲಿನವರ ಜೊತೆ ಕೂತು ಮಾತಾಡಿ. ಅಂಥದ್ದೊಂದೂ ಇಲ್ಲದಿದ್ದರೆ ಎರಡು ಸಲ ಯೋಚಿಸಿ. ಸಹಿಗೆ ಮೊದಲು ಒಂದು ರಜಾದಿನದ ರಾತ್ರಿ ಅವರ ತುರ್ತು ನಂಬರಿಗೆ ಕರೆ ಮಾಡಿ, ಯಾರು ಎತ್ತುತ್ತಾರೆ ನೋಡಿ.

ಬಿಡಿಸಿಕೊಳ್ಳುವುದೂ ಸುಲಭ ಆಗಲಿಲ್ಲ. ಅವಧಿ ಮುಗಿಯುವ 90 ದಿನ ಮೊದಲು ತಿಳಿಸದಿದ್ದರೆ ಒಪ್ಪಂದ ತಾನಾಗಿ ಮುಂದುವರಿಯುತ್ತದೆ ಅಂತ ಕೊನೆಯ ಪುಟದಲ್ಲಿತ್ತು. ಹೋಗುವಾಗ ಅವರು ಮನೆಗಳ ಕೀಲಿಗಳನ್ನು ಪೂರ್ತಿ ಕೊಡಲಿಲ್ಲ. ಎಷ್ಟು ಕೊಟ್ಟಿದ್ದೆವು ಅನ್ನುವ ಲೆಕ್ಕ ನಮ್ಮ ಹತ್ತಿರವೂ ಇರಲಿಲ್ಲ. ಕೊನೆಗೆ ಅಷ್ಟೂ ಬೀಗಗಳನ್ನು ನಾವೇ ಬದಲಿಸಿದೆವು. ಕೀಲಿ ಕೊಡುವ ದಿನವೇ ಒಂದೊಂದಕ್ಕೂ ನಂಬರ್ ಬರೆದು ಸಹಿ ತೆಗೆದುಕೊಳ್ಳಿ.