ಎಂಟು ತುಂಡಿನ ಪ್ಲಾಸ್ಟಿಕ್ ಮೆದುಳು: ಬೊಟ್ಟು ಇದೆ, ತಂತು ಇಲ್ಲ

ಸ್ಪೀಚ್ ಥೆರಪಿ, ನರ್ಸಿಂಗ್ ತರಗತಿಗಳಿಗೆಂದು ಆನ್‌ಲೈನಿನಲ್ಲಿ ಸಿಗುವ ನಿಜಗಾತ್ರದ ಪಿವಿಸಿ ಮಾದರಿ ಇದು. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ತುಂಡು: ಫ್ರಂಟಲ್ (ಹಣೆಯ ಕಡೆಯ) ಮತ್ತು ಪರೈಟಲ್ (ನೆತ್ತಿಯ ಕಡೆಯ) ಹಾಲೆ ಸೇರಿ ಒಂದು, ಟೆಂಪೊರಲ್ (ಕಿವಿಯ ಕಡೆಯ) ಮತ್ತು ಆಕ್ಸಿಪಿಟಲ್ (ಹಿಂದಲೆಯ) ಸೇರಿ ಒಂದು, ಅರ್ಧ ಮೆದುಳುಕಾಂಡ, ಅರ್ಧ ಕಿರುಮೆದುಳು. ಮೊದಲು ನಡುವಿನಿಂದ ಎರಡು ಹೋಳು ಮಾಡಿ, ಆಮೇಲೆ ಕಿರುಮೆದುಳು, ಕಾಂಡ, ಕೊನೆಗೆ ಟೆಂಪೊರಲ್ ತುಂಡು ಬಿಚ್ಚಿ. ಪಿನ್ನಿನ ನೇರಕ್ಕೇ ಎಳೆಯಬೇಕು. ತಿರುಚಿದರೆ ತೂತು ಅಗಲವಾಗಿ, ಮುಂದಿನ ಪಾಠದಲ್ಲಿ ಕಿರುಮೆದುಳು ನೆಲಕ್ಕೆ.

ಟೆಂಪೊರಲ್ ತುಂಡು ಕಳಚಿದಾಗ ಒಳಗೆ ಅಡಗಿದ ಹೊರಪದರದ ಭಾಗ, ಇನ್ಸುಲಾ, ಕಾಣುತ್ತದೆ. ಕೊಟ್ಟ ದುಡ್ಡಿಗೆ ಇದೊಂದೇ ಸಾಕು ಅನ್ನುವಷ್ಟು ಚೆನ್ನಾಗಿ ಎರಕ ಹೊಯ್ದಿದ್ದಾರೆ. ಅದೇ ತುಂಡನ್ನು ಮಗುಚಿದರೆ ಅಡಿಯಲ್ಲಿ ಫ್ಯೂಸಿಫಾರ್ಮ್ ಸುರುಳಿ (ಸುರುಳಿ ಅಂದರೆ ಮೆದುಳಿನ ಮೇಲ್ಮೈಯ ಉಬ್ಬು ಮಡಿಕೆ). ಓದುವಾಗ ಅಕ್ಷರಗಳನ್ನು ಗುರುತು ಹಿಡಿಯುವುದು ಎಡಗಡೆಯ ಈ ಸುರುಳಿಯ ಆಸುಪಾಸಿನಲ್ಲೇ, ಆದರೆ ಅಲ್ಲಿ ಬಣ್ಣವನ್ನೇ ಹಚ್ಚಿಲ್ಲ.

ಬಣ್ಣ ಹಚ್ಚಿದ ಕಡೆ ಇನ್ನೂ ದೊಡ್ಡ ತಕರಾರು. ಮಾತು ಕಟ್ಟುವ ಬ್ರೋಕಾ ಪ್ರದೇಶಕ್ಕೆ ಕೆಂಪು ಬೊಟ್ಟು, ಮಾತು ಅರ್ಥಮಾಡಿಕೊಳ್ಳುವ ವರ್ನಿಕೆ ಪ್ರದೇಶಕ್ಕೆ ನೀಲಿ. ಕೆಂಪು ಬೊಟ್ಟು ಹಿಂದಕ್ಕೆ ಜರುಗಿ, ತುಟಿ-ನಾಲಿಗೆ ಆಡಿಸುವ ಮೋಟಾರ್ ಪಟ್ಟಿಯ ಮೇಲೆ ಕೂತಿದೆ. ಅದಿರಬೇಕಾದ್ದು ಮುಂದೆ, ಕೆಳ ಫ್ರಂಟಲ್ ಸುರುಳಿಯ ಹಿಂಭಾಗದಲ್ಲಿ, ಅಂದರೆ ಬ್ರೋಡ್‌ಮನ್ ಹೊರಪದರಕ್ಕೆ ಬರೆದ ನಕ್ಷೆಯ 44 ಮತ್ತು 45ನೇ ಪ್ರದೇಶಗಳಲ್ಲಿ. ಬೆರಳಗಲದ ತಪ್ಪು ತಾನೇ ಅನ್ನಬೇಡಿ. ನಾಲಿಗೆ ಹೊರಳದೆ ಉಚ್ಚಾರ ಕೆಡುವುದು ಬೇರೆ, 'ನಾನು ಮನೆಗೆ ಹೋದೆ' ಅನ್ನಲು ಹೋಗಿ 'ನಾನು... ಮನೆ... ಹೋಗು' ಎಂದು ಪ್ರತ್ಯಯಗಳೇ ಉದುರುವುದು ಬೇರೆ. ಈ ಬೊಟ್ಟು ನೋಡಿ ಕಲಿತವರು ಎರಡನ್ನೂ ಒಂದೇ ಗಂಟು ಕಟ್ಟುತ್ತಾರೆ.

ಬೊಟ್ಟು ಸರಿಯಿದ್ದರೂ ಕಥೆ ಅಲ್ಲಿಗೇ ಮುಗಿಯದು. 'ಟಾನ್' ಬಿಟ್ಟು ಹೆಚ್ಚೇನೂ ಹೇಳಲಾಗದಿದ್ದ ರೋಗಿಯೊಬ್ಬನ ಮೆದುಳನ್ನು 1861ರಲ್ಲಿ ಪ್ಯಾರಿಸಿನಲ್ಲಿ, ಆ ಪ್ರದೇಶಕ್ಕೆ ಹೆಸರು ಕೊಟ್ಟ ವೈದ್ಯ ಪಾಲ್ ಬ್ರೋಕಾ ಪರೀಕ್ಷಿಸಿದ್ದು ಕೊಯ್ಯದೆ, ಹೊರಗಿನಿಂದ. ಜೋಪಾನವಾಗಿ ಉಳಿದಿದ್ದ ಅದೇ ಮೆದುಳಿನ ಎಂಆರ್‌ಐ 2007ರಲ್ಲಿ ಪ್ರಕಟವಾದಾಗ, ಗಾಯ ಇನ್ಸುಲಾ ದಾಟಿ ಒಳಗಿನ ನರತಂತುಗಳ ಕಟ್ಟಿನವರೆಗೂ ಇಳಿದಿದ್ದು ಗೊತ್ತಾಯಿತು. ಈ ಮಾದರಿಯಲ್ಲಿ ತಂತುಗಳೇ ಇಲ್ಲ.

ಅದಕ್ಕೆ ದಪ್ಪ ಉಣ್ಣೆದಾರ ಸಾಕು. ನೀಲಿ ಬೊಟ್ಟಿನಿಂದ ಹೊರಟು, ಟೆಂಪೊರಲ್ ಹಾಲೆಯ ಮೇಲಂಚಿನಲ್ಲಿರುವ ಸಿಲ್ವಿಯನ್ ಸೀಳಿನ ಹಿಂತುದಿಯನ್ನು ಸುತ್ತಿಬಳಸಿ, ಬ್ರೋಕಾ ಜಾಗದವರೆಗೆ ತಂದು ಕ್ಲೇಯಿಂದ ಅಂಟಿಸಿ. ಇದೇ ಎರಡೂ ಜಾಗಗಳನ್ನು ಬೆಸೆಯುವ ಆರ್ಕ್ಯುಯೇಟ್ ತಂತುಕಟ್ಟು; ನಿಜದಲ್ಲಿ ಅದು ಓಡುವುದು ಹೊರಪದರದ ಕೆಳಗೆ ಎಂದು ಹೇಳಲು ಮರೆಯಬೇಡಿ. ತುಂಡುಗಳು ಕೂಡುವಲ್ಲಿ ದಾರ ಕತ್ತರಿಸಿಟ್ಟರೆ, ಟೆಂಪೊರಲ್ ತುಂಡು ಕಳಚಿದಾಗ ದಾರವೂ ಬೇರೆಯಾಗುತ್ತದೆ. ಕೇಳಿದ್ದನ್ನು ಹಾಗೇ ಮರಳಿ ಹೇಳಲಾಗದ ಕಂಡಕ್ಷನ್ ಅಫೇಸಿಯಾ ವಿವರಿಸಲು ಅದೇ ಸಮಯ: ಕೇಳಿದ್ದು ಬಹುಪಾಲು ಅರ್ಥವಾಗುತ್ತದೆ, ಮಾತೂ ಸರಾಗ, ಆದರೆ 'ಆಕಾಶವಾಣಿ' ಅನ್ನಿ ಎಂದರೆ 'ಆಶಾಕ... ಆಕಾವಾಣಿ' ಎಂದು ತಡಕಾಟ.

ರಕ್ತನಾಳಗಳೂ ಇಲ್ಲ. ಲಕ್ವ ಹೊಡೆದಾಗ ಮಾತಿನ ಜೊತೆಗೇ ಬಲಗೈ ಯಾಕೆ ಬೀಳುತ್ತದೆ ಎಂದು ತೋರಿಸಲು ಮಾತಿನ ಜಾಗಗಳಿಗೂ ಬಲಗೈ ಆಡಿಸುವ ಜಾಗಕ್ಕೂ ರಕ್ತ ಒಯ್ಯುವ ಎಡಗಡೆಯ ಮಿಡ್ಲ್ ಸೆರೆಬ್ರಲ್ ಧಮನಿ ಬೇಕೇ ಬೇಕು. ಅಷ್ಟು ಪಾಠ ಮಾಡುವವರು ಧಮನಿಗಳಿರುವ ಮಾದರಿಯನ್ನೇ ಕೊಳ್ಳಿ. ಹಾಲೆ, ಸೀಳುಗಳ ಪರಿಚಯಕ್ಕೆ ಇದು ಸಾಕು.

ಒರೆಸಲು ಒದ್ದೆ ಬಟ್ಟೆ ಸಾಕು, ಸ್ಪಿರಿಟ್ ಹಾಕಿದರೆ ಬಣ್ಣ ಎದ್ದುಬರುತ್ತದೆ. ಕೆಂಪು ಬೊಟ್ಟಿಗೆ ಮಾತ್ರ ಧಾರಾಳವಾಗಿ ಹಾಕಿ ತಿಕ್ಕಿ, ಅಕ್ರಿಲಿಕ್ ಬಣ್ಣದಲ್ಲಿ ಸರಿಯಾದ ಕಡೆ ಹೊಸದಾಗಿ ಇಡಿ.