ಮೊದಲು ಯಾವ ಆಲ್ಬಮ್ ಕೇಳೋದು: 'ವಿ ಲೈಕ್ ಇಟ್ ಹಿಯರ್' ಅಥವಾ 'ಮಾಕ್‌ರೂಟ್'?

ಜಾಝ್ ಮತ್ತು ರಾಕ್ ಬೆರೆತ ಸಂಗೀತ, ಅಂದರೆ ಜಾಝ್-ರಾಕ್ ಫ್ಯೂಷನ್, ನಿಮಗೆ ಹೊಸತಾ? ಹಾಗಾದರೆ ಅಮೆರಿಕದ ಬ್ಯಾಂಡ್ ಸ್ನಾರ್ಕಿ ಪಪಿಯ 'ವಿ ಲೈಕ್ ಇಟ್ ಹಿಯರ್' (2014) ಹಾಕಿ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ ರೆಕಾರ್ಡ್ ಆಗಿದ್ದು. ಹೆಡ್‌ಫೋನ್ ಹಾಕಿಕೊಂಡ ಶ್ರೋತೃಗಳು ವಾದಕರ ಪಕ್ಕದಲ್ಲೇ ಕೂತಿದ್ದರು. ಅದರ 'ಲಿಂಗಸ್' ಎಂಬ ಟ್ರ್ಯಾಕ್‌ನಲ್ಲಿ ಕೋರಿ ಹೆನ್ರಿಯ ಕೀಬೋರ್ಡ್ ಸೋಲೋ ಏರುತ್ತಾ ಹೋಗುತ್ತೆ. ವಿಡಿಯೋ ನೋಡಿ, ಜೊತೆಗಾರರೇ ಬೆರಗಾಗಿ ಬಾಯಿ ಬಿಡ್ತಾರೆ!

ಅರ್ಮೇನಿಯಾದ ಪಿಯಾನೋ ವಾದಕ ಟಿಗ್ರಾನ್ ಹಮಾಸ್ಯಾನ್‌ನ 'ಮಾಕ್‌ರೂಟ್' (2015) ಬೇರೆಯದೇ ಲೋಕ. ಜನಪದದ ಮೆಲುದನಿಯ ಹಾಡು ಇದ್ದಕ್ಕಿದ್ದಂತೆ ಹೆವಿ ಮೆಟಲ್ ಗಿಟಾರಿನಷ್ಟು ಭಾರವಾದ ಪಿಯಾನೋ ಹೊಡೆತಕ್ಕೆ ತಿರುಗುತ್ತೆ. ಲೆಕ್ಕ ಹಿಡಿಯಲು ಹೋದರೆ ತಾಳ ಕೈ ಜಾರುತ್ತೆ. ಇದರ 'ಎಂಟರ್‌ಟೇನ್ ಮಿ' ಟ್ರ್ಯಾಕ್ ಕೇಳಿದರೆ ಗೊತ್ತಾಗುತ್ತೆ.

ಗೆಳೆಯರೊಟ್ಟಿಗೆ ಕುಣಿಯಲು ಮೊದಲನೆಯದು. ಪ್ರೋಗ್ರೆಸಿವ್ ರಾಕ್‌ನ ತಿರುವು-ಮುರುವು ಇಷ್ಟ ಅಂದ್ರೆ ಸುಮ್ನೆ ಯೋಚಿಸಬೇಡಿ, 'ಮಾಕ್‌ರೂಟ್' ತಗೊಳ್ಳಿ. ನನ್ನ ಮನಸ್ಸು ಜಾಸ್ತಿ ವಾಲುವುದೂ ಅತ್ತಲೇ.